ಸುಳಿ, ಕುಡಿ, ಗಿಣ್ಣು
(ಬಾನುಲಿ ಭಾಷಣ)

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ, ಇಂಡಿ ತಾಲ್ಲೂಕಿನ ಹೊರ್ತಿ ಎಂಬ ಊರು ಸಿಗುತ್ತದೆ. ರೇವಣಸಿದ್ಧೇಶ್ವರನ ಕ್ಷೇತ್ರವೆಂದು ಸುತ್ತಿನ ಜನಕ್ಕೆ ಅದು ಪರಿಚಿತ. ಈ ಸೀಮೆಯ ಯಾವ ಹೊಲಕ್ಕೆ ಹೋದರೂ ಮೂರು ಬಗೆಯ ಸಸ್ಯಗಳು ಒಂದರ ಪಕ್ಕದಲ್ಲಿ ಒಂದು ನಿಂತಿರುವುದನ್ನು ಕಾಣಬಹುದು. ಕರಿನೆಲದಲ್ಲಿ ಹಿಂಗಾರಿ ಜೋಳ. ಬಾವಿಯ ಸುತ್ತ ನೀರಾಸರೆ ಇದ್ದಲ್ಲಿ ಲಿಂಬೆಯ ಗಿಡ. ಇವೆರಡರ ನಡುವಣ ಬದುವಿನ ಮೇಲೆ, ಯಾರೂ ಬಿತ್ತದೆ, ಯಾರೂ ನೀರು ಹನಿಸದೆ ಹಬ್ಬಿದ ಕರಕಿ. ದಕ್ಷಿಣದವರು ಗರಿಕೆ ಎಂದು ಕರೆಯುವುದು ಇದನ್ನೇ.

ಈ ಹೊಲಕ್ಕೆ ಒಂದು ಆಡು ನುಗ್ಗಿತೆಂದು ಭಾವಿಸೋಣ. ಅದು ಬದುವಿನ ಕರಕಿಯನ್ನು ನೆಲಮಟ್ಟಕ್ಕೆ ಮೇಯುತ್ತದೆ. ಒಂದು ಹದ ಮಳೆ ಬಿದ್ದರೆ ವಾರದೊಳಗೆ ಬದು ಮತ್ತೆ ಹಸುರಾಗುತ್ತದೆ. ಹದಿನೈದು ದಿನದ ಜೋಳದ ಸಸಿಯ ಗರಿಗಳನ್ನು ಕಚ್ಚುತ್ತದೆ. ಕತ್ತರಿಸಿಹೋದ ಅದೇ ಎಳೆಯ ಗರಿ, ಮೊಂಡಾದ ತುದಿಯನ್ನು ಹೊತ್ತುಕೊಂಡೇ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಆಮೇಲೆ ಲಿಂಬೆಯ ಸಸಿಯ ತುದಿಯನ್ನು ಕಡಿಯುತ್ತದೆ. ಆ ತುದಿ ಮಾತ್ರ ಇನ್ನೆಂದಿಗೂ ಬೆಳೆಯುವುದಿಲ್ಲ. ಕೆಲವು ದಿನಗಳ ಅನಂತರ ಅದರ ಕೆಳಗೆ, ಬದಿಯಿಂದ, ಬೇರೊಂದು ಕುಡಿ ಹೊರಡುತ್ತದೆ. ಬಾಯಿ ಒಂದೇ, ಹಲ್ಲು ಒಂದೇ. ಪರಿಣಾಮ ಮೂರು ತೆರ. ಇದಕ್ಕೆ ಕಾರಣವೇನು? ಪ್ರತಿಯೊಂದು ಸಸ್ಯವೂ ತನ್ನ ಬೆಳವಣಿಗೆಯ ಶಕ್ತಿಯನ್ನು ಮೈಯ ಯಾವ ಭಾಗದಲ್ಲಿ ಇಟ್ಟುಕೊಂಡಿದೆ ಎಂಬುದೇ ಇದಕ್ಕೆ ಉತ್ತರ. ಯಾವ ನಷ್ಟವನ್ನು ತಾಳಬಲ್ಲದು, ಯಾವುದನ್ನು ತಾಳಲಾರದು ಎಂಬುದೂ ಅದರಿಂದಲೇ ನಿರ್ಣಯವಾಗುತ್ತದೆ.

ಪ್ರಾಣಿಯ ಬೆಳವಣಿಗೆಗೂ ಸಸ್ಯದ ಬೆಳವಣಿಗೆಗೂ ಮೂಲಭೂತವಾದ ವ್ಯತ್ಯಾಸವಿದೆ. ಕರು ಹುಟ್ಟುವಾಗಲೇ ಅದರ ಕಾಲು, ಕಿವಿ, ಬಾಲಗಳೆಲ್ಲ ಮೂಡಿರುತ್ತವೆ. ಮುಂದೆ ಅವೆಲ್ಲ ಒಟ್ಟಾಗಿ ದೊಡ್ಡದಾಗುತ್ತವೆ, ಒಂದು ವಯಸ್ಸಿಗೆ ನಿಲ್ಲುತ್ತವೆ. ಸಸ್ಯ ಹಾಗಲ್ಲ. ಅದು ಬದುಕಿರುವಷ್ಟು ಕಾಲವೂ ಹೊಸ ಅಂಗಗಳನ್ನು ಮಾಡುತ್ತಲೇ ಇರುತ್ತದೆ. ಆದರೆ ಈ ಕೆಲಸ ಅದರ ಇಡೀ ಮೈಯಲ್ಲಿ ನಡೆಯುವುದಿಲ್ಲ. ಹೆಚ್ಚಿನ ಜೀವಕೋಶಗಳು ಬಲಿತು, ಒಂದೊಂದು ಕಸುಬಿಗೆ ನಿಂತುಬಿಟ್ಟಿರುತ್ತವೆ: ಕೆಲವು ನೀರು ಸಾಗಿಸುತ್ತವೆ, ಕೆಲವು ಬಿಸಿಲಿನಿಂದ ಆಹಾರ ಮಾಡುತ್ತವೆ, ಕೆಲವು ಕೇವಲ ಗಟ್ಟಿತನಕ್ಕಾಗಿ ಇರುತ್ತವೆ. ಒಡೆದು ಎರಡಾಗುವ, ಎರಡು ನಾಲ್ಕಾಗುವ ಎಳೆಯತನವನ್ನು ಉಳಿಸಿಕೊಂಡ ಕೋಶಗಳ ಗುಂಪು ಕೆಲವೇ ತಾವುಗಳಲ್ಲಿ ಇರುತ್ತದೆ. ಇದಕ್ಕೆ ನಮ್ಮ ಪಠ್ಯಪುಸ್ತಕಗಳು ವರ್ಧನ ಅಂಗಾಂಶ ಎಂಬ ಹೆಸರನ್ನು ಕೊಟ್ಟಿವೆ. ಕಾರ್ಲ್ ನೇಗೆಲಿ ಎಂಬ ಸ್ವಿಸ್ ವಿಜ್ಞಾನಿ 1858ರಲ್ಲಿ ಇದನ್ನು ಮೆರಿಸ್ಟೆಮ್ ಎಂದು ಕರೆದ. ವಿಭಾಗಿಸು ಎಂಬ ಅರ್ಥದ ಗ್ರೀಕ್ ಪದ ಅದರ ಮೂಲ. ನಮ್ಮ ರೈತನಿಗೆ ಈ ಪದಗಳು ಗೊತ್ತಿಲ್ಲದಿದ್ದರೂ ವಸ್ತು ಗೊತ್ತಿತ್ತು. ಸುಳಿ, ಕುಡಿ, ಕಣ್ಣು, ಗಿಣ್ಣು ಎಂದು ಅವನು ಹೆಸರಿಟ್ಟದ್ದು ಬಹುಮಟ್ಟಿಗೆ ಈ ತಾವುಗಳಿಗೇ. ವಂಶಕ್ಕೆ ಒಬ್ಬ ಮಗ ಹುಟ್ಟಿದಾಗ ಕುಡಿ ಎಂದು ಕರೆಯುವ ನಮ್ಮ ಭಾಷೆ, ಮುಂದಿನ ಬೆಳವಣಿಗೆಯೆಲ್ಲ ಎಲ್ಲಿಂದ ಬರುತ್ತದೆ ಎಂಬುದನ್ನು ಸರಿಯಾಗಿಯೇ ಗುರುತಿಸಿದೆ.

ಮೊದಲು ಲಿಂಬೆಯನ್ನು ನೋಡೋಣ. ಇಂಡಿಯ ಲಿಂಬೆ ಇಂದು ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಣ್ಣು. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯ ನೆಲೆಯೂ ಇಂಡಿಯಲ್ಲಿಯೇ ಇದೆ. ಈ ಗಿಡದ ಬೆಳವಣಿಗೆಯ ತಾವುಗಳು ಮುಖ್ಯವಾಗಿ ಮೂರು. ಒಂದು, ಪ್ರತಿ ರೆಂಬೆಯ ಮತ್ತು ಪ್ರತಿ ಬೇರಿನ ತುದಿ. ಗಿಡ ಎತ್ತರವಾಗುವುದು, ಬೇರು ಆಳಕ್ಕಿಳಿಯುವುದು ಇದರಿಂದ. ಎರಡು, ಪ್ರತಿ ಎಲೆಯ ಕಂಕುಳಲ್ಲಿ ಮಲಗಿರುವ ಮೊಗ್ಗು. ತುದಿ ಸುರಕ್ಷಿತವಾಗಿರುವ ತನಕ ಇದರಲ್ಲಿ ಹೆಚ್ಚಿನವು ನಿದ್ರಿಸುತ್ತಲೇ ಇರುತ್ತವೆ. ಮೂರು, ತೊಗಟೆಗೂ ಕಟ್ಟಿಗೆಗೂ ನಡುವೆ ಕಾಂಡವನ್ನು ಬಳೆಯಂತೆ ಸುತ್ತಿಕೊಂಡಿರುವ ಬಹು ತೆಳುವಾದ ಒಂದು ಪದರ. ಇದರ ಹೆಸರು ಕ್ಯಾಂಬಿಯಂ. ಇದು ಒಳಮುಖವಾಗಿ ಕಟ್ಟಿಗೆಯನ್ನೂ ಹೊರಮುಖವಾಗಿ ಒಳತೊಗಟೆಯನ್ನೂ ಕಟ್ಟುತ್ತ ಹೋಗುತ್ತದೆ. ಕಾಂಡ ದಪ್ಪವಾಗುವುದು ಇದರ ದೆಸೆಯಿಂದ.

ಮರದ ಬೆಳವಣಿಗೆಯ ಈ ಕ್ರಮವನ್ನು ತಿಳಿಯದವರು ಸಾಮಾನ್ಯವಾಗಿ ಒಂದು ತಪ್ಪು ಕಲ್ಪನೆ ಇಟ್ಟುಕೊಂಡಿರುತ್ತಾರೆ. ಬೇವಿನ ಗಿಡದಲ್ಲಿ ಎದೆಯ ಮಟ್ಟಕ್ಕೆ ಒಂದು ಮೊಳೆ ಹೊಡೆದರೆ, ಇಪ್ಪತ್ತು ವರ್ಷಗಳ ಮೇಲೆ ಅದು ಕೈಗೆಟುಕದ ಎತ್ತರಕ್ಕೆ ಹೋಗಿರುತ್ತದೆಂದು ಅವರ ಎಣಿಕೆ. ಮೊಳೆ ಮೇಲೇರುವುದಿಲ್ಲ, ಎದೆಯ ಮಟ್ಟದಲ್ಲಿಯೇ ಉಳಿದು, ದಪ್ಪವಾಗುವ ಕಾಂಡದೊಳಗೆ ಹೂತುಹೋಗುತ್ತದೆ. ಬೇಲಿಯ ತಂತಿಯನ್ನು ಮರ ನುಂಗಿತು ಎನ್ನುವುದೂ ಇದನ್ನೇ. ಮರದ ಕೆಳಭಾಗ ಒಮ್ಮೆ ಕಟ್ಟಿ ಮುಗಿಸಿದ ಗೋಡೆ. ಎತ್ತರದ ಕೆಲಸವೆಲ್ಲ ತುದಿಯಲ್ಲಿ ಮಾತ್ರ.

ಲಿಂಬೆಯ ಮುಳ್ಳಿನಲ್ಲಿಯೂ ಒಂದು ಸ್ವಾರಸ್ಯವಿದೆ. ಎಳೆಯ ರೆಂಬೆಯನ್ನು ಕೈಗೆತ್ತಿಕೊಂಡು ಎಲೆಯ ಕಂಕುಳನ್ನು ಪರೀಕ್ಷಿಸಿದರೆ ಅಲ್ಲಿ ಮುಳ್ಳೂ ಮೊಗ್ಗೂ ಜೊತೆಜೊತೆಯಾಗಿ ಇರುವುದು ಕಾಣುತ್ತದೆ. ಮುಳ್ಳೆಂಬುದು ಬೇರೆ ಯಾವುದೋ ಅಂಗವಲ್ಲ. ರೆಂಬೆಯಾಗಬೇಕಾಗಿದ್ದ ಕುಡಿಯೇ ತನ್ನ ವರ್ಧನ ಅಂಗಾಂಶವನ್ನು ಬೇಗನೆ ಮುಗಿಸಿಕೊಂಡು, ತುದಿಯವರೆಗೂ ಬಲಿತು ಮೊನೆಯಾದದ್ದು. ಲಿಂಬೆಯ ಬಳಗದಲ್ಲಿ ಈ ನಿಲುಗಡೆಯನ್ನು ಆಜ್ಞಾಪಿಸುವ ಜೀನುಗಳನ್ನು ವಿಜ್ಞಾನಿಗಳು 2020ರಲ್ಲಿ ಗುರುತಿಸಿದರು. ಆ ಜೀನುಗಳನ್ನು ಕೆಡಿಸಿದಾಗ ಮುಳ್ಳಿನ ಜಾಗದಲ್ಲಿ ರೆಂಬೆ ಹೊರಟಿತು. ಹೀಗೆ, ಬೆಳೆಯುವುದಕ್ಕೆ ಎಷ್ಟು ಏರ್ಪಾಡು ಬೇಕೋ, ಬೆಳೆಯುವುದನ್ನು ನಿಲ್ಲಿಸುವುದಕ್ಕೂ ಅಷ್ಟೇ ಏರ್ಪಾಡು ಬೇಕು.

ಇನ್ನು ಜೋಳ. ಜೋಳವೂ ಒಂದು ಹುಲ್ಲು. ಗೋದಿ, ಭತ್ತ, ಸಜ್ಜೆ, ಕಬ್ಬು, ಬಿದಿರು ಎಲ್ಲವೂ ಈ ಹುಲ್ಲಿನ ಮನೆತನದವೇ. ನವರಾತ್ರಿಯಲ್ಲಿ ಘಟವಿಟ್ಟು, ಮಣ್ಣಿನಲ್ಲಿ ಕಾಳು ಹಾಕಿ, ದೇವರ ಜಗುಲಿಯ ನೆರಳಿನಲ್ಲಿ ಒಂಬತ್ತು ದಿನ ಸಸಿ ಬೆಳೆಸುವ ಪದ್ಧತಿ ಈ ಭಾಗದ ಮನೆಗಳಲ್ಲಿ ಇದೆ. ಆ ಸಸಿಗಳು ತಿಳಿಹಳದಿಯಾಗಿ, ಸಪೂರವಾಗಿ, ಬೇಗಬೇಗನೆ ಉದ್ದವಾಗುವುದನ್ನು ಎಲ್ಲರೂ ನೋಡಿದ್ದಾರೆ. ಬೆಳಕು ಸಾಲದೆಡೆಯಲ್ಲಿ ಮೊಳಕೆಯ ಸ್ವಭಾವವೇ ಅದು: ಮೊದಲು ಬೆಳಕನ್ನು ಹುಡುಕು, ಆಮೇಲೆ ಮೈ ಕಟ್ಟು. ಹೊಲದಲ್ಲಿ ಇದೇ ಸ್ವಭಾವ ಸಸಿಯನ್ನು ಕಾಯುತ್ತದೆ. ಹಿಂಗಾರಿಯಲ್ಲಿ ಮೇಲ್ಮಣ್ಣು ಆರಿರುವುದರಿಂದ ಕೂರಿಗೆಯ ತಾಳಿನಿಂದ ಬೀಜವನ್ನು ಹಸಿ ಇದ್ದ ಆಳಕ್ಕೆ ಇಳಿಸುತ್ತಾರೆ. ಅಲ್ಲಿಂದ ಒಂದು ಬಿಳಿಯ ದಂಟು ಸುಳಿಯನ್ನು ಮೇಲಕ್ಕೆತ್ತುತ್ತ ಬರುತ್ತದೆ. ನೆಲದ ಮೇಲ್ಮೈ ಸಮೀಪಿಸಿ, ಬೆಳಕಿನ ಸುಳಿವು ಸಿಕ್ಕ ಕೂಡಲೇ ಆ ದಂಟು ನಿಲ್ಲುತ್ತದೆ. ಆದ್ದರಿಂದ ಬೀಜ ಸ್ವಲ್ಪ ಆಳಕ್ಕೆ ಬಿದ್ದಿದ್ದರೂ ಸುಳಿಯು ಮಾತ್ರ ನೆಲದಿಂದ ಒಂದೆರಡು ಬೆರಳು ಕೆಳಗೇ ಠಾವು ಹಿಡಿಯುತ್ತದೆ. ನೆಲದ ಮೇಲೆ ನಮಗೆ ಕಾಣುವುದು ಬರಿಯ ಗರಿಗಳ ಕಂತೆ. ಕಾಂಡವೆಂದು ನಾವು ಹಿಡಿಯುವುದು ಒಂದರೊಳಗೊಂದು ಸುತ್ತಿಕೊಂಡ ಗರಿಯ ಒರೆಗಳು. ನಿಜವಾದ ಬೆಳವಣಿಗೆಯ ತುದಿ ಮೊದಲ ಮೂರು ವಾರಗಳ ಕಾಲ ಮಣ್ಣಿನ ಮರೆಯಲ್ಲಿಯೇ ಇರುತ್ತದೆ. ಆಡಿನ ಹಲ್ಲಿಗೆ ಅದು ಎಟುಕದಿದ್ದುದು ಈ ಕಾರಣದಿಂದ.

ಕತ್ತರಿಸಿದ ಗರಿ ಮತ್ತೆ ಏರುವುದಕ್ಕೆ ಇನ್ನೊಂದು ಕಾರಣವಿದೆ. ಹುಲ್ಲಿನ ಎಲೆ ತುದಿಯಿಂದ ಬೆಳೆಯುವುದಿಲ್ಲ, ಬುಡದಿಂದ ಬೆಳೆಯುತ್ತದೆ. ಇದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಒಂದು ಕುಂಡದಲ್ಲಿ ನಾಲ್ಕು ಜೋಳದ ಕಾಳು ಹಾಕಿ, ಸುಳಿಯಿಂದ ಆಗತಾನೆ ಹೊರಬರುತ್ತಿರುವ ಗರಿಯ ಮೇಲೆ, ಅದು ಕಣ್ಣಿಗೆ ಬೀಳುವ ತಾವಿನಲ್ಲಿ, ಮಸಿಯಿಂದ ಒಂದು ಗೆರೆ ಎಳೆಯಬೇಕು. ಎರಡು ದಿನ ಬಿಟ್ಟು ನೋಡಿದರೆ ಆ ಗೆರೆ ಮೇಲಕ್ಕೆ ಹೋಗಿರುತ್ತದೆ. ಗೆರೆಗೂ ತುದಿಗೂ ಇದ್ದ ಅಂತರ ಮಾತ್ರ ಹೆಚ್ಚಿರುವುದಿಲ್ಲ. ತುದಿ ಎಲೆಯ ಅತ್ಯಂತ ಹಳೆಯ ಭಾಗ, ಬುಡ ಅತ್ಯಂತ ಎಳೆಯ ಭಾಗ. ಹಸು ಕಚ್ಚುವುದು ಹಳೆಯದನ್ನು. ಹೊಸದು ಕೆಳಗೆ ಒರೆಯೊಳಗೆ ಸಿದ್ಧವಾಗುತ್ತಿರುತ್ತದೆ.

ಕಾಂಡದಲ್ಲಿಯೂ ಹುಲ್ಲಿನದು ಪ್ರತ್ಯೇಕ ರೀತಿ. ಸುಮಾರು ಒಂದು ತಿಂಗಳಿಗೆ ಜೋಳದ ಸುಳಿ ಎಲೆ ಮಾಡುವುದನ್ನು ನಿಲ್ಲಿಸಿ ತೆನೆಯ ಮೊಳಕೆಯಾಗಿ ಮಾರ್ಪಡುತ್ತದೆ. ಗಿಡದಲ್ಲಿ ಒಟ್ಟು ಎಷ್ಟು ಎಲೆ ಎಂಬ ಲೆಕ್ಕ ಅಂದಿಗೆ ಮುಗಿಯಿತು. ಆಗ ಗಿಣ್ಣುಗಳು ಒಂದರ ಮೇಲೊಂದು ಒತ್ತೊತ್ತಾಗಿ ಇರುತ್ತವೆ. ಪ್ರತಿ ಗಿಣ್ಣಿನ ಮೇಲ್ಗಡೆ, ಒರೆಯ ಆಸರೆಯಲ್ಲಿ, ವರ್ಧನ ಅಂಗಾಂಶದ ಒಂದು ಪಟ್ಟಿ ಉಳಿದಿರುತ್ತದೆ. ಇದು ತುದಿಯಲ್ಲೂ ಇಲ್ಲ, ಬದಿಯಲ್ಲೂ ಇಲ್ಲ, ಬಲಿತ ಭಾಗಗಳ ನಡುವೆ ಇದೆ. ಆದ್ದರಿಂದ ಅಂತರ ವರ್ಧನ ಅಂಗಾಂಶ ಎಂದು ಕರೆಯುತ್ತಾರೆ. ಈ ಪಟ್ಟಿಗಳು ಕೆಳಗಿನಿಂದ ಮೇಲಕ್ಕೆ ಸರದಿಯಂತೆ ಕೆಲಸಕ್ಕೆ ತೊಡಗಿದಾಗ, ಮಡಿಚಿಟ್ಟ ದುರ್ಬೀನನ್ನು ಎಳೆದಂತೆ ಇಡೀ ಕಾಂಡ ಉದ್ದವಾಗುತ್ತದೆ. ಮರ ತುದಿಯಲ್ಲಿ ಮಾತ್ರ ಎತ್ತರವಾದರೆ ಜೋಳದ ದಂಟು ಹಲವು ಕಡೆ ಏಕಕಾಲಕ್ಕೆ ಉದ್ದವಾಗುತ್ತದೆ. ಬಿದಿರಿನ ಕಳಲೆ ಕೆಲವೇ ವಾರಗಳಲ್ಲಿ ಆಳೆತ್ತರ ಮೀರುವ ಗುಟ್ಟೂ ಇದೇ. ಆದರೆ ಅದಕ್ಕೆ ಕ್ಯಾಂಬಿಯಂ ಬಳೆ ಇಲ್ಲ. ಆದುದರಿಂದ ನೆಲದಿಂದ ಹೊರಬಂದಾಗಿನ ದಪ್ಪವೇ ಅದರ ಕೊನೆಯ ದಪ್ಪ.

ಗಾಳಿಮಳೆಗೆ ಒರಗಿದ ಜೋಳ ಕೆಲವು ದಿನಗಳಲ್ಲಿ ಮೊಣಕೈ ಊರಿ ಎದ್ದಂತೆ ಗಿಣ್ಣಿನಲ್ಲಿ ಬಾಗಿ ಮೇಲೇಳುವುದನ್ನು ರೈತರು ಬಲ್ಲರು. ಗಿಣ್ಣಿನ ಬಳಿಯ ಕೋಶಗಳಲ್ಲಿ ಪಿಷ್ಟದ ಸಣ್ಣ ಕಣಗಳಿರುತ್ತವೆ. ದಂಟು ಅಡ್ಡವಾದಾಗ ಆ ಕಣಗಳು ಕೋಶದ ಹೊಸ ತಳಕ್ಕೆ ಉರುಳುತ್ತವೆ. ಕೆಳಮಗ್ಗುಲು ಯಾವುದೆಂಬುದು ಗಿಡಕ್ಕೆ ತಿಳಿಯುವುದು ಅದರಿಂದ. ಆ ಮಗ್ಗುಲಿನ ಕೋಶಗಳು ಹೆಚ್ಚು ನೀಳವಾಗಿ ದಂಟನ್ನು ಎತ್ತುತ್ತವೆ. ತೆನೆ ಬಲಿತ ಮೇಲೆ ಬಿದ್ದ ಜೋಳ ಏಳುವುದಿಲ್ಲ. ಆ ವೇಳೆಗೆ ಗಿಣ್ಣಿನ ಎಳೆಯತನ ಮುಗಿದಿರುತ್ತದೆ.

ಹೀಗೆ ಸುಳಿಯನ್ನು ನೆಲದಲ್ಲಿ ಬಚ್ಚಿಟ್ಟುಕೊಂಡ ಜೋಳಕ್ಕೂ ಶತ್ರುವಿಲ್ಲದೆ ಇಲ್ಲ. ಮೇಯುವ ಪ್ರಾಣಿಗೆ ಎಟುಕದ್ದು ಒಂದು ಸಣ್ಣ ನೊಣಕ್ಕೆ ಎಟುಕುತ್ತದೆ. ಸುಳಿನೊಣ ಎಳೆಯ ಗರಿಯ ಅಡಿಯಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಸುಳಿಯ ಕೊಳವೆಯೊಳಗೆ ಇಳಿದು ಬೆಳವಣಿಗೆಯ ತುದಿಯನ್ನೇ ಕತ್ತರಿಸುತ್ತದೆ. ಸುತ್ತಲಿನ ಗರಿಗಳು ಹಸುರಾಗಿಯೇ ಇದ್ದು ನಡುವಿನ ಗರಿ ಮಾತ್ರ ಒಣಗುತ್ತದೆ. ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ, ಬುಡದಲ್ಲಿ ಕೊಳೆತ ವಾಸನೆ. ಗರಿಗಳನ್ನೆಲ್ಲ ಕಳೆದುಕೊಂಡರೂ ಬದುಕಬಲ್ಲ ಸಸಿ, ಸಾಸಿವೆಯಷ್ಟೂ ಇಲ್ಲದ ಈ ತುದಿಯನ್ನು ಕಳೆದುಕೊಂಡರೆ ಆ ಕಾಂಡದ ಮಟ್ಟಿಗೆ ಮುಗಿಯಿತು. ಆಗ ಬುಡದ ಮೊಗ್ಗುಗಳು ಎಚ್ಚೆತ್ತು ಮರಿ ಒಡೆಯುತ್ತವೆ. ಅವು ತಡವಾಗಿ ಹೊರಟವಾದ್ದರಿಂದ, ನೆಲದ ಹಸಿ ತೀರುವುದರೊಳಗೆ ಒಳ್ಳೆಯ ತೆನೆ ಕೊಡುವುದು ವಿರಳ. ಬೀಜವನ್ನು ತುಸು ಹೆಚ್ಚಾಗಿಯೇ ಬಿತ್ತಿ, ಸುಳಿ ಸತ್ತ ಸಸಿಗಳನ್ನು ಕಿತ್ತುಹಾಕಬೇಕೆಂದು ಕೃಷಿತಜ್ಞರು ಹೇಳುವುದು ಇದಕ್ಕಾಗಿ.

ಮೊಗ್ಗುಗಳು ಅಷ್ಟು ದಿನ ಮಲಗಿದ್ದು ತುದಿ ಹೋದೊಡನೆ ಏಳುವುದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿಯೂ ಒಂದು ಹುಲ್ಲಿನಿಂದಲೇ ಆರಂಭವಾಯಿತು. ಚಾರ್ಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸ್ ಜೊತೆಗೂಡಿ ಒಂದು ಬಗೆಯ ಹುಲ್ಲಿನ ಮೊಳಕೆಗಳ ತುದಿಗೆ ಬೆಳಕು ಬೀಳದಂತೆ ಟೊಪ್ಪಿಗೆ ಹಾಕಿ ನೋಡಿದ. ಬೆಳಕನ್ನು ತಿಳಿಯುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ ಎಂದು 1880ರಲ್ಲಿ ಪ್ರಕಟಿಸಿದ. ಹಾಗಾದರೆ ತುದಿಯಿಂದ ಕೆಳಕ್ಕೆ ಯಾವುದೋ ಸಂದೇಶ ಇಳಿಯುತ್ತಿರಬೇಕು. ಹಾಲೆಂಡಿನ ಫ್ರಿಟ್ಸ್ ವೆಂಟ್ ಓಟ್ಸ್ ಎಂಬ ಧಾನ್ಯದ ಮೊಳಕೆಯ ಮೇಲೆ ಪ್ರಯೋಗ ನಡೆಸಿ, ಆ ಸಂದೇಶ ಒಂದು ರಾಸಾಯನಿಕ ದ್ರವ್ಯವೆಂದು 1928ರಲ್ಲಿ ತೋರಿಸಿದ. ಅದೇ ಆಕ್ಸಿನ್. 1930ರ ದಶಕದಲ್ಲಿ ತಿಮನ್ ಮತ್ತು ಸ್ಕೂಗ್ ಎಂಬ ಇಬ್ಬರು, ತುದಿಯನ್ನು ಕತ್ತರಿಸಿ ಆ ಜಾಗದಲ್ಲಿ ಆಕ್ಸಿನ್ ಇಟ್ಟರೆ ಬದಿಯ ಮೊಗ್ಗುಗಳು ಏಳುವುದಿಲ್ಲವೆಂದು ಕಂಡರು. ತುದಿ ಇರುವ ತನಕ ಮನೆಯ ಹಿರಿಯನಂತೆ ಉಳಿದವರನ್ನು ತಡೆದಿಡುತ್ತದೆ. ಈ ತಡೆಯಲ್ಲಿ ಸ್ಟ್ರೈಗೋಲ್ಯಾಕ್ಟೋನ್ ಎಂಬ ಇನ್ನೊಂದು ದ್ರವ್ಯಕ್ಕೂ ಪಾಲಿದೆಯೆಂದು 2008ರಲ್ಲಿ ತಿಳಿದುಬಂತು. ಜೋಳದ ಬೇರಿಗೆ ಅಂಟಿಕೊಂಡು ಸಾರ ಹೀರುವ ಸ್ಟ್ರೈಗಾ ಕಸದ ಬೀಜ, ಮೊಳೆಯುವುದಕ್ಕೆ ಮುಂಚೆ ಮಣ್ಣಿನಲ್ಲಿ ಕಾದು ಕುಳಿತು ಗುರುತಿಸುವುದು ಇದೇ ದ್ರವ್ಯವನ್ನು. ಮನೆಯೊಳಗಿನ ಮಾತನ್ನು ಕಳ್ಳನು ಕದ್ದು ಕೇಳಿದಂತೆ ಇದು.

ಗಿಣ್ಣಿನ ಅಂಗಾಂಶವನ್ನು ಓಡಿಸುವ ದ್ರವ್ಯ ಬೇರೆ. ಅದರ ಹೆಸರು ಜಿಬ್ಬರೆಲಿನ್. ಭತ್ತದ ಸಸಿಗಳು ವಿಪರೀತ ಉದ್ದವಾಗಿ ಬಿದ್ದು ಸಾಯುವ ರೋಗವೊಂದನ್ನು ಅಭ್ಯಸಿಸುತ್ತ, ಜಪಾನಿನ ಕುರೊಸಾವಾ 1926ರಲ್ಲಿ ಇದರ ಜಾಡು ಹಿಡಿದ. ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರು ಇಂದು ಜಿ.ಎ. ಎಂದು ಕರೆದು ಗೊನೆಗಳನ್ನು ಅದ್ದುವುದು ಇದೇ ವಸ್ತುವಿನಲ್ಲಿ. ಕಾಳು ನೀಳವಾಗಲಿ, ದಪ್ಪವಾಗಲಿ ಎಂದು. ಹಸುರು ಕ್ರಾಂತಿಯ ಗಿಡ್ಡ ಗೋದಿ ಗಿಡ್ಡವಾದದ್ದು ಇದೇ ವಸ್ತುವಿನ ಮಾತನ್ನು ಕೇಳದೆ ಇದ್ದುದರಿಂದ ಎಂಬುದು 1999ರಲ್ಲಿ ಜೀನಿನ ಮಟ್ಟದಲ್ಲಿ ಖಚಿತವಾಯಿತು. ದಂಟಿಗೆ ಹೋಗುವ ಸಾರ ಕಾಳಿಗೆ ಬಂತು. ಗೊಬ್ಬರ ಹಾಕಿದರೂ ಪೈರು ಒರಗಲಿಲ್ಲ.

ಇಲ್ಲಿ ನಮ್ಮ ಸೀಮೆಯ ಜೋಳದ ಕಥೆ ಬೇರೆಯಾಗುತ್ತದೆ. 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ, ಸ್ಥಳೀಯ ಮಾಲದಂಡಿ ಜೋಳದಿಂದ ಆಯ್ದು ತೆಗೆದ ಎಂ 35-1 ತಳಿ ಈ ಭಾಗದ ಕರಿನೆಲದಲ್ಲಿ ನೆಲೆಯೂರಿತು. ಎತ್ತರದ ದಂಟು, ಮುತ್ತಿನಂಥ ಕಾಳು. 1964ರಲ್ಲಿ ಸಿ.ಎಸ್.ಎಚ್.-1 ಎಂಬ ಮೊದಲ ಮಿಶ್ರತಳಿ ಜೋಳ ಬಿಡುಗಡೆಯಾಗಿ, ಅದರ ಹಿಂದೆ ಹಲವು ಗಿಡ್ಡ ತಳಿಗಳು ಬಂದರೂ ಹಿಂಗಾರಿಯ ಸೀಮೆ ಮಾಲದಂಡಿಯನ್ನು ಬಿಟ್ಟುಕೊಡಲಿಲ್ಲ. ರೊಟ್ಟಿಯ ರುಚಿ ಇದಕ್ಕೆ ಒಂದು ಕಾರಣವಾದರೆ, ಕಣಿಕೆ ಇನ್ನೊಂದು. ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಬೀಳುವ ನಾಡಿನಲ್ಲಿ ಬೇಸಗೆಯ ನಾಲ್ಕು ತಿಂಗಳು ದನಗಳ ಹೊಟ್ಟೆ ತುಂಬುವುದು ಬಣವೆಯಲ್ಲಿನ ಕಣಿಕೆಯಿಂದ. ಗೋದಿಯಲ್ಲಿ ವ್ಯರ್ಥವೆನಿಸಿದ ಉದ್ದನೆಯ ಗಿಣ್ಣು ಜೋಳದಲ್ಲಿ ಎತ್ತಿನ ಪಾಲಿನ ಬೆಳೆ. ಕಾಳು ಮನುಷ್ಯನಿಗೆ, ದಂಟು ದನಕ್ಕೆ ಎಂಬ ಹಳೆಯ ಒಪ್ಪಂದ ಈ ಅಂತರ ವರ್ಧನ ಅಂಗಾಂಶದ ಮೇಲೆ ನಿಂತಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಮೂರನೆಯದು ಕರಕಿ. ನೆಲದ ಮೇಲೆ ಹರಿಯುವ ಬಳ್ಳಿ, ನೆಲದ ಕೆಳಗೆ ಹರಿಯುವ ಬಳ್ಳಿ, ಎರಡೂ ಇದಕ್ಕಿವೆ. ಪ್ರತಿ ಗಿಣ್ಣಿನಲ್ಲಿ ಒಂದು ಮೊಗ್ಗು, ಬೇರು ಬಿಡುವ ಸಾಮರ್ಥ್ಯ. ಕರಿನೆಲದ ರೈತನಿಗೆ ಇದಕ್ಕಿಂತ ಹಟಮಾರಿ ಕಸ ಇನ್ನೊಂದಿಲ್ಲ. ಕುಂಟೆ ಹೊಡೆದರೆ ಬಳ್ಳಿ ತುಂಡಾಗುತ್ತದೆ. ಒಂದು ಗಿಡ ಹತ್ತು ಗಿಡವಾಗುತ್ತದೆ. ತುಂಡಾದಾಗ ತುದಿಯ ತಡೆ ತಪ್ಪಿ, ಮಲಗಿದ್ದ ಮೊಗ್ಗುಗಳೆಲ್ಲ ಏಳುವುದು ಸಹಜ. ಆಳವಾಗಿ ನೇಗಿಲು ಹೊಡೆದು, ಬಳ್ಳಿಯನ್ನು ಆರಿಸಿ ತೆಗೆದು, ಬಿಸಿಲಿಗೆ ಒಣಗಿಸಬೇಕು. ಹೀಗೆ ಹೊಲದಲ್ಲಿ ಶಾಪವಾದ ಕರಕಿಯನ್ನೇ ನಮ್ಮ ಗರತಿಯರು ಹಾಡಿನಲ್ಲಿ ಹರಕೆಯಾಗಿ ಬಳಸಿದ್ದಾರೆ. ತವರಿನ ಬಳ್ಳಿ ಕರಕಿಯಂತೆ ಹಬ್ಬಲೆಂದು ಹರಸಿದ್ದಾರೆ. ಎರಡೂ ಮಾತಿನ ಹಿಂದಿನ ಅನುಭವ ಒಂದೇ. ಎಲ್ಲಿ ಕತ್ತರಿಸಿದರೂ ಅಲ್ಲಿಂದಲೇ ಮುಂದುವರಿಯುವ ಗುಣವನ್ನು ಹೊಲದವನು ಬಯ್ದ, ಮನೆಯವಳು ಬಯಸಿದಳು. ಕರಕಿಗೆ ನೇರ ಎದುರಾದದ್ದು ತೆಂಗು. ಅದಕ್ಕೆ ಇರುವುದು ತಲೆಯ ಮೇಲಿನ ಒಂದೇ ಸುಳಿ. ಬದಿಯಲ್ಲಿ ಕಾಯ್ದಿಟ್ಟ ಮೊಗ್ಗಿಲ್ಲ. ಸುಳಿ ಕೊಳೆತರೆ ಮರವೇ ಹೋಯಿತು.

ಹುಲ್ಲು ಈ ತಗ್ಗಿ ಬದುಕುವ ವಿದ್ಯೆಯನ್ನು ಎಂದು ಕಲಿಯಿತೆಂದು ಯಾರಾದರೂ ಕೇಳಬಹುದು. ಮಹಾರಾಷ್ಟ್ರದ ಪಿಸ್ದುರಾ ಎಂಬಲ್ಲಿ ದೊರೆತ ಡೈನೋಸಾರ್ ಸಗಣಿಯ ಪಳೆಯುಳಿಕೆಗಳಲ್ಲಿ ಹುಲ್ಲಿನ ಸಿಲಿಕಾ ಕಣಗಳಿರುವುದನ್ನು ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ವಂದನಾ ಪ್ರಸಾದ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದರು. ಆರೂವರೆ ಕೋಟಿ ವರ್ಷಗಳಿಗೂ ಹಿಂದಿನ ಮಾತು ಅದು. ವಿಜಯಪುರದ ಕರಿಮಣ್ಣಿಗೆ ಮೂಲವಾದ ದಖನ್ನಿನ ಲಾವಾ ಹರಿದದ್ದೂ ಹೆಚ್ಚುಕಡಮೆ ಅದೇ ಯುಗದಲ್ಲಿ. ಆ ದೈತ್ಯರು ಅಳಿದರು. ಅವರು ಮೇದ ಹುಲ್ಲಿನ ಕುಲ ಮುಂದೆ ಬಂದ ಜಿಂಕೆ, ಕುದುರೆ, ದನಗಳ ಕಾಲಕ್ಕೆ ಭೂಮಿಯನ್ನೆಲ್ಲ ವ್ಯಾಪಿಸಿತು.

ಮರ ಮತ್ತು ಹುಲ್ಲುಗಳ ಈ ಭೇದ ಮನುಷ್ಯನ ಕೈಕೆಲಸಕ್ಕೂ ಗಡಿ ಹಾಕಿತ್ತು. ದ್ರಾಕ್ಷಿಯನ್ನು ಬರ ತಾಳುವ ಬೇರುಗಿಡದ ಮೇಲೆ ಕಸಿ ಮಾಡಬಹುದು. ಎರಡರ ಕ್ಯಾಂಬಿಯಂ ಬಳೆಗಳು ಒಂದಕ್ಕೊಂದು ತಾಗಿ ಬೆಸೆದುಕೊಳ್ಳುತ್ತವೆ. ಜೋಳಕ್ಕೆ ಅಂಥ ಬಳೆಯೇ ಇಲ್ಲವಾದ್ದರಿಂದ ಹುಲ್ಲಿನ ಜಾತಿಗೆ ಕಸಿ ಅಸಾಧ್ಯವೆಂದು ಬಹುಕಾಲ ನಂಬಲಾಗಿತ್ತು. ಮೊಳಕೆಯೊಡೆಯುವ ಕಾಳಿನ ಭ್ರೂಣದಲ್ಲಿ, ಬೇರೂ ಸುಳಿಯೂ ಕೂಡುವ ಎಳೆಯ ತಾವಿನಲ್ಲಿ ಅದು ಸಾಧ್ಯವೆಂದು ಕೇಂಬ್ರಿಜ್ ವಿಶ್ವವಿದ್ಯಾಲಯದವರು 2021ರ ಕೊನೆಯಲ್ಲಿ ತೋರಿಸಿದರು. ಎಳೆಯತನ ಇರುವಲ್ಲಿ ಬೆಸುಗೆ ಸಾಧ್ಯ ಎಂಬುದು ಇದರ ಸಾರ. ಸಸ್ಯದ ಒಳರಚನೆಯ ಇಂಥ ಸೂಕ್ಷ್ಮಗಳನ್ನು ಬಾಳೆಲ್ಲ ಅಭ್ಯಾಸ ಮಾಡಿ, ಅದೇ ಲೇಖನಿಯಿಂದ ಕನ್ನಡದಲ್ಲಿ ಗಿಡಮರಗಳ ಕಥೆ ಬರೆದ ಬಿ.ಜಿ.ಎಲ್. ಸ್ವಾಮಿಯವರನ್ನು ಇಲ್ಲಿ ನೆನೆಯಬೇಕು. ಅವರ 'ಹಸುರು ಹೊನ್ನು' ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು, ಕನ್ನಡಿಗರ ಸಾಹಿತ್ಯಾಭಿರುಚಿಯೊಳಗೆ ಸಸ್ಯಶಾಸ್ತ್ರಕ್ಕೂ ಎಡೆಯುಂಟೆಂಬುದಕ್ಕೆ ಸಾಕ್ಷಿ.

ಇಷ್ಟನ್ನೂ ತಿಳಿದು ಪ್ರಯೋಜನವೇನು? ಕತ್ತರಿಸುವುದು, ಮೇಯಿಸುವುದು, ಸವರುವುದು ಕೃಷಿಯಲ್ಲಿ ನಿತ್ಯದ ಕೆಲಸ. ಎಲ್ಲಿ ಕತ್ತರಿಸಿದರೆ ಗಿಡ ಚಿಗುರುತ್ತದೆ, ಎಲ್ಲಿ ಕತ್ತರಿಸಿದರೆ ಸಾಯುತ್ತದೆ ಎಂಬುದು ತಿಳಿದಿರಬೇಕು. ದ್ರಾಕ್ಷಿಯ ತೋಟದಲ್ಲಿ ವರ್ಷಕ್ಕೆ ಎರಡು ಚಾಟ್ನಿ ನಡೆಯುತ್ತದೆ. ಏಪ್ರಿಲ್ ಚಾಟ್ನಿಯ ಬಳಿಕ ಹೊಸ ಕಡ್ಡಿಯ ಕಣ್ಣಿನೊಳಗೆ, ಬರಿಗಣ್ಣಿಗೆ ಕಾಣದಂತೆ, ಒಂದು ತೀರ್ಮಾನ ನಡೆಯುತ್ತದೆ: ಅಲ್ಲಿನ ಎಳೆಯ ಗಂಟು ಗೊನೆಯಾಗಬೇಕೆ, ಬರಿಯ ಬಳ್ಳಿಯ ಕೈಯಾಗಬೇಕೆ ಎಂದು. ಬೆಳಕು, ನೀರು, ಆಹಾರ ಆ ವಾರಗಳಲ್ಲಿ ಹೇಗೆ ಒದಗುತ್ತವೆಯೋ ಹಾಗೆ ಅದು ನಿರ್ಧಾರವಾಗುತ್ತದೆ. ಅಕ್ಟೋಬರಿನಲ್ಲಿ ಎಷ್ಟು ಖರ್ಚು ಮಾಡಿದರೂ ಬೇಸಗೆಯಲ್ಲಿ ಕಟ್ಟದ ಗೊನೆಯನ್ನು ಹೊರಡಿಸುವುದು ಸಾಧ್ಯವಿಲ್ಲ. ಲಿಂಬೆಯಲ್ಲಿ ಒಣಗಿದ ರೆಂಬೆಯನ್ನು ಜೀವವಿರುವ ಮೊಗ್ಗಿನ ಮೇಲ್ಗಡೆಗೆ ಕತ್ತರಿಸಬೇಕು. ಕಾಂಡದ ಸುತ್ತ ತೊಗಟೆ ಸುಲಿಯದಂತೆ ನೋಡಿಕೊಳ್ಳಬೇಕು. ದನ ಕಟ್ಟಿದ ಹಗ್ಗವೋ ಬೇಲಿಯ ತಂತಿಯೋ ಉಜ್ಜಿ ಆ ತೆಳುವಾದ ಬಳೆ ಪೂರ್ತಿ ಕಡಿದುಹೋದರೆ, ಎಲೆ ಮಾಡಿದ ಆಹಾರ ಬೇರಿಗೆ ಇಳಿಯದೆ ಗಿಡ ಕ್ರಮೇಣ ಸಾಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಜೋಳದ ಕೂಳೆಯದು. ಕಟಾವಿನ ಬಳಿಕ ಒಂದು ಅಕಾಲ ಮಳೆ ಬಿದ್ದರೆ ಬುಡದ ಮೊಗ್ಗುಗಳು ಎದ್ದು, ಒಣಗಿದ ನೆಲದಲ್ಲಿ ಕಣ್ಣು ತಣಿಸುವ ಹಸುರು ಕಾಣುತ್ತದೆ. ಹಸಿದ ದನ ಅದರ ಕಡೆಗೆ ಹೋಗದೆ ಇರಲಾರದು. ಆದರೆ ಜೋಳ ತನ್ನ ಎಳೆಯ ಅಂಗಾಂಶವನ್ನು ಬರಿದೆ ಬಿಟ್ಟಿಲ್ಲ; ಧುರಿನ್ ಎಂಬ ವಸ್ತುವನ್ನು ಅದರಲ್ಲಿ ತುಂಬಿಟ್ಟಿದೆ. ಹಲ್ಲಿಗೆ ಸಿಕ್ಕಿ ಕೋಶ ಒಡೆದೊಡನೆ ಅದರಿಂದ ಸಯನೈಡ್ ವಿಷ ಹೊರಡುತ್ತದೆ. 1902ರಲ್ಲಿಯೇ ಡನ್‌ಸ್ಟನ್ ಮತ್ತು ಹೆನ್ರಿ ಎಂಬ ರಸಾಯನಶಾಸ್ತ್ರಜ್ಞರು ಇದನ್ನು ಗುರುತಿಸಿದ್ದರು. ಕೂಳೆಯ ಚಿಗುರಿನಲ್ಲಿಯೂ ನೀರಿಲ್ಲದೆ ಮುರುಟಿದ ಎಳೆ ಸಸಿಯಲ್ಲಿಯೂ ಈ ವಿಷ ಅತಿ ಹೆಚ್ಚು. ಗಿಡ ಬಲಿತಂತೆ ಇಳಿಯುತ್ತದೆ, ಚೆನ್ನಾಗಿ ಒಣಗಿದ ಕಣಿಕೆಯಲ್ಲಿ ಭಯವಿಲ್ಲ. ತಿಂದ ದನ ಏದುಸಿರುಬಿಟ್ಟು, ನಡುಗಿ, ಸ್ವಲ್ಪ ಹೊತ್ತಿನಲ್ಲಿಯೇ ಬೀಳುತ್ತದೆ. ಪಶುವೈದ್ಯರು ಕೂಡಲೇ ಸೂಜಿಮದ್ದು ಕೊಟ್ಟರೆ ಉಳಿಯುವ ಸಾಧ್ಯತೆಯುಂಟು. ಆದರೆ ದೊರೆಯುವ ವೇಳೆ ಬಹಳ ಕಡಿಮೆ. ಬರದ ವರ್ಷದಲ್ಲಿ ಮೇವಿಲ್ಲದೆ ಕಂಗೆಟ್ಟಿರುವಾಗ, ಉಳಿದ ಒಂದು ಜೊತೆ ಎತ್ತನ್ನು ಈ ಹಸುರಿಗೆ ಬಲಿಗೊಡಬಾರದು.

ಊರಿನ ಗಾಯರಾಣದ ಹುಲ್ಲಿಗೂ ಒಂದು ಮಿತಿಯಿದೆ. ತಗ್ಗಿದ ಸುಳಿ ಹುಲ್ಲನ್ನು ಒಂದು ಸಲದ ಮೇವಿನಿಂದ ಕಾಪಾಡುತ್ತದೆ, ಹತ್ತು ಸಲದ ಮೇವಿನಿಂದಲ್ಲ. ಮತ್ತೆ ಏಳುವುದಕ್ಕೆ ಬೇಕಾದ ಆಹಾರ ಅದರ ಬುಡದಲ್ಲಿಯೂ ಬೇರಿನಲ್ಲಿಯೂ ಕೂಡಿಟ್ಟದ್ದು. ಗರಿ ಬಿಚ್ಚುವ ಮೊದಲೇ ಪುನಃ ಪುನಃ ಕಚ್ಚಿಸಿಕೊಂಡರೆ ಆ ಗಂಟು ಕರಗಿ, ಮೊದಲು ಬೇರು, ಆಮೇಲೆ ಸುಳಿ ಸಾಯುತ್ತದೆ. ಆ ಜಾಗಕ್ಕೆ ದನ ಮುಟ್ಟದ ಕಸ ಬಂದು ಕೂಡುತ್ತದೆ. ಹುಲ್ಲು ಎಷ್ಟು ಮೇದರೂ ಬರುತ್ತದೆ ಎಂಬ ಭರವಸೆಯಿಂದಲೇ ಎಷ್ಟೋ ಹುಲ್ಲುಗಾವಲು ಬರಡಾಗಿದೆ. ನಾಲ್ಕು ಬೆರಳು ಹುಲ್ಲು ನಿಂತಿರುವಾಗಲೇ ದನಗಳನ್ನು ಬೇರೆಡೆಗೆ ಹೊಡೆದು, ಮಳೆಗಾಲದಲ್ಲಿ ಸರದಿಯಂತೆ ಕೆಲವು ವಾರ ಬಿಡುವು ಕೊಟ್ಟರೆ ಅದು ತಾನೇ ಚೇತರಿಸಿಕೊಳ್ಳುತ್ತದೆ. ಇದಕ್ಕೆ ಹಣ ಬೇಡ. ಊರವರ ಒಪ್ಪಿಗೆ ಬೇಕು.

ಡೋಣಿ ನದಿಯ ಸೀಮೆ ಬೆಳೆದರೆ ಓಣಿಯೆಲ್ಲ ಜೋಳ ಎಂಬರ್ಥದ ಗಾದೆಯನ್ನು ಈ ಜಿಲ್ಲೆಯ ಜನ ಹೆಮ್ಮೆಯಿಂದ ಹೇಳುತ್ತಾರೆ. ಆ ಬೆಳೆ ಮೊದಲು ಬೆಳೆಯುವುದು ನೆಲದಿಂದ ಎರಡು ಬೆರಳು ಕೆಳಗೆ, ಸಾಸಿವೆಗಿಂತ ಚಿಕ್ಕದಾದ ಒಂದು ತುದಿಯಲ್ಲಿ. ಬಿತ್ತಿದ ಮೇಲಣ ಮೊದಲ ತಿಂಗಳಲ್ಲಿ ಆ ತುದಿ ಉಳಿದರೆ ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವ ಹೊತ್ತಿಗೆ ಹೊಲ ತುಂಬಿರುತ್ತದೆ, ಸೀತನಿಯ ಕಾಲಕ್ಕೆ ಮಕ್ಕಳ ಅಂಗೈ ತುಂಬುತ್ತದೆ, ಬೇಸಗೆಗೆ ಬಣವೆ ತುಂಬಿರುತ್ತದೆ. ಆ ಒಂದು ತಿಂಗಳು ಹೊಲದಲ್ಲಿ ಅಡ್ಡಾಡುವಾಗ ಗರಿಯ ಹಸುರನ್ನು ನೋಡಿ ತೃಪ್ತರಾಗದೆ, ಬಗ್ಗಿ ನಡುವಿನ ಸುಳಿಯನ್ನು ಮುಟ್ಟಿ ನೋಡುವುದು ರೈತನಿಗೆ ಕ್ಷೇಮ.